ಕನ್ನಡಿ ಹಿಡಿದು ಬಾಯಿ ನೋಡಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಹಲ್ಲು ನೋವು ಬಂದಾಗ ಶುರು ಮಾಡಿದ್ದು. ನೋವು ಹೋಯಿತು, ಚಟ ಉಳಿಯಿತು. ರಾತ್ರಿ ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದರು.

ಒಂದು ದಿನ ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಹೋದರು. ಗೋಡೆಯ ಮೇಲೆ ಏನೋ ಬರೆದಿತ್ತು. ಅಕ್ಷರ ಕೂಡಿಸಿ ಓದಿದರು. “ಬಾಯಿ... ಹುಣ್ಣು... ಬಿಳಿ ಮಚ್ಚೆ...”

ಮನೆಗೆ ಬಂದವರೇ ಕನ್ನಡಿ ಹಿಡಿದರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು!

ಸಂಜೆ ಕೇಂದ್ರಕ್ಕೆ ಬಂದು ನನಗೆ ಹೇಳಿದರು.

“ನೋವೇ ಇಲ್ಲ ಕಣಮ್ಮ. ಇದೇನು ಮಾಡೀತು?”

“ನೋವಿಲ್ಲ ಅಂತ ಸುಮ್ಮನಿರಬೇಡಿ ಅಕ್ಕ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯೋದಿಲ್ಲ. ನಡೀರಿ, ತೋರಿಸೋಣ.”

ದೊಡ್ಡಾಸ್ಪತ್ರೆಯಲ್ಲಿ ಮಚ್ಚೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಸದ್ಯ, ಕ್ಯಾನ್ಸರ್ ಆಗಿರಲಿಲ್ಲ. “ಹೊಗೆಸೊಪ್ಪು ಬಿಡದಿದ್ದರೆ ಮುಂದೆ ಆಗಬಹುದು” ಎಂದರು ಡಾಕ್ಟರು.

ಅಕ್ಕ ಎಲೆ ಅಡಿಕೆ ಚೀಲವನ್ನೇ ಒಲೆಗೆ ಹಾಕಿದರು. ಮೊದಲ ವಾರ ತುಂಬಾ ಕಷ್ಟವಾಯಿತು. ತಲೆ ನೋವು, ಸಿಟ್ಟು. ಬಾಯಿ ಬೇಡಿದಾಗ ಏಲಕ್ಕಿ ಅಗಿದರು, ನೀರು ಕುಡಿದರು. ಈಗ ಬಿಟ್ಟಿದ್ದಾರೆ. ಡಾಕ್ಟರು ಹೇಳಿದಾಗಲೆಲ್ಲ ಹೋಗಿ ತೋರಿಸಿ ಬರುತ್ತಾರೆ.

ಗುಟ್ಕಾ ಮಾರಾಟವನ್ನು ನಮ್ಮ ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತು. ಆದರೆ ನಮ್ಮ ಸೊಂಟದ ಚೀಲದಲ್ಲಿರುವ ಹೊಗೆಸೊಪ್ಪು, ಕಡ್ಡಿಪುಡಿ ಬಿಡಬೇಕಾದವರು ನಾವೇ ಅಲ್ಲವೇ? ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರಬಹುದು.

ನೆನಪಿಡಿ

1. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಹಲ್ಲು ಸವೆಯುತ್ತದೆ.

2. ಹಲ್ಲು ನೋವಿಗೆ ಹೊಗೆಸೊಪ್ಪು ಮದ್ದಲ್ಲ. ಹಲ್ಲಿನ ಡಾಕ್ಟರಿಗೆ ತೋರಿಸಿ.

3. ತಿಂಗಳಿಗೊಮ್ಮೆ ಬೆಳಕಿನಲ್ಲಿ ನಿಂತು, ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಕೆನ್ನೆ, ವಸಡು, ನಾಲಿಗೆಯ ಅಡಿ, ಎಲ್ಲವನ್ನೂ ನೋಡಿ.

4. ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ, ಬಾಯಿ ಅಗಲಿಸಲು ಆಗದಿದ್ದರೆ ತಡ ಮಾಡಬೇಡಿ.

5. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಾಯಿ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

6. ಹೊಗೆಸೊಪ್ಪು ಬಿಡಲು ಸಹಾಯ ಬೇಕೇ? 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.

ಯೋಚಿಸಿ, ಹೇಳಿ

1. ಅಕ್ಕನಿಗೆ ಬಿಳಿ ಮಚ್ಚೆ ಇರುವುದು ಹೇಗೆ ಗೊತ್ತಾಯಿತು?

2. ನೋವಿಲ್ಲದಿದ್ದರೂ ಡಾಕ್ಟರಿಗೆ ಏಕೆ ತೋರಿಸಬೇಕು?

3. ನಿಮ್ಮ ಮನೆಯಲ್ಲಿ ಹೊಗೆಸೊಪ್ಪು ಹಾಕುವವರು ಯಾರು? ಅವರಿಗೆ ಈ ಪಾಠ ಓದಿ ಹೇಳಿ.