ಮಾತಿಲ್ಲದ ಸಾಕ್ಷ್ಯಚಿತ್ರವನ್ನು ನೋಡುವುದು ಹೇಗೆ?

ಸಾಕ್ಷ್ಯಚಿತ್ರ ಎಂದ ಕೂಡಲೇ ನೆನಪಾಗುವುದು ಹಿನ್ನೆಲೆಯ ಗಂಭೀರ ದನಿ. ಅದು ವಿವರಿಸುತ್ತಾ ಹೋಗುತ್ತದೆ, ನಾವು ಒಪ್ಪುತ್ತಾ ಹೋಗುತ್ತೇವೆ. ಆ ದನಿಯನ್ನೇ ತೆಗೆದುಬಿಟ್ಟರೆ ಚಿತ್ರಕ್ಕೆ ಅರ್ಥ ಎಲ್ಲಿಂದ ಬರುತ್ತದೆ? ಇದನ್ನು ತಿಳಿಯಲು ಹತ್ತು ನಿಮಿಷದ ಒಂದು ಚಿತ್ರವನ್ನು ಪಾಠವಾಗಿ ನೋಡೋಣ.

ಒಂದು ಕಾರ್ಖಾನೆ, ಎರಡು ಚಿತ್ರ

ನೆದರ್ಲೆಂಡ್ಸ್‌ನ ಲೀರ್ಡಾಮ್ ಎಂಬ ಊರು ಗಾಜಿನ ಕಾರ್ಖಾನೆಗೆ ಹೆಸರುವಾಸಿ. ಆ ಕಾರ್ಖಾನೆಯ ಪರಿಚಯಕ್ಕಾಗಿ ಬರ್ಟ್ ಹಾನ್‌ಸ್ಟ್ರಾ ಎಂಬ ನಿರ್ದೇಶಕ ಮೊದಲು ವಿವರಣೆಯಿರುವ ಚಿತ್ರವೊಂದನ್ನು ಮಾಡಿಕೊಟ್ಟ. ಅಲ್ಲೇ, 1958ರಲ್ಲಿ, ವಿವರಣೆಯಿಲ್ಲದ ಇನ್ನೊಂದನ್ನೂ ಮಾಡಿದ. ಅದರ ಹೆಸರು 'ಗ್ಲಾಸ್'. 1960ರಲ್ಲಿ ಆಸ್ಕರ್ ಬಂದದ್ದು ಈ ಎರಡನೆಯದಕ್ಕೆ.

ಚಿತ್ರದ ಮೊದಲ ಭಾಗದಲ್ಲಿ ಕುಶಲಕರ್ಮಿಗಳು ಉದ್ದನೆಯ ಕೊಳವೆಯಿಂದ ಕಾದ ಗಾಜನ್ನು ಊದುತ್ತಾರೆ. ಉಬ್ಬಿದ ಕೆನ್ನೆ, ತಿರುಗುವ ಬೆರಳು, ಜೊತೆಗೆ ಜಾಜ್ ಸಂಗೀತ. ಮುಂದೆ ಯಂತ್ರ ಬರುತ್ತದೆ; ಬಾಟಲಿಗಳು ಸಾಲಾಗಿ ಸಾಗುತ್ತವೆ. ಕತ್ತು ಮುರಿದ ಒಂದು ಬಾಟಲಿಯಿಂದ ಸಾಲು ತಡೆಯುತ್ತದೆ. ಹಿಂದಿನವು ಒಂದೊಂದಾಗಿ ಬಿದ್ದು ಒಡೆಯುತ್ತವೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಕೊನೆಗೆ ಮನುಷ್ಯನ ಕೈಯೇ ಬಂದು ಸರಿಪಡಿಸಬೇಕು.

"ಯಂತ್ರಕ್ಕಿಂತ ಮನುಷ್ಯ ಮುಖ್ಯ" ಎಂದು ಇಲ್ಲಿ ಯಾರೂ ಹೇಳಲಿಲ್ಲ. ಊದುವ ಬಾಯಿಯ ಪಕ್ಕದಲ್ಲಿ ಯಂತ್ರವನ್ನು ಇಟ್ಟಾಗ ಆ ಮಾತು ನಮ್ಮೊಳಗೆ ಹುಟ್ಟಿತು. ಎರಡು ದೃಶ್ಯಗಳನ್ನು ಜೋಡಿಸಿ ಮೂರನೆಯ ಅರ್ಥ ಹೊರಡಿಸುವ ಈ ಕೆಲಸವೇ ಸಂಕಲನ. ಹತ್ತಿರದ ದೃಶ್ಯ ಮತ್ತು ಲಯ ಅದರ ಜೊತೆಗಾರರು.

ಚಿತ್ರ ಹೇಳದೆ ಬಿಟ್ಟದ್ದು

ಮಾತಿಲ್ಲದ ಚಿತ್ರಕ್ಕೆ ಮಿತಿಯೂ ಉಂಟು. ಕುಲುಮೆಯ ಮುಂದೆ ನಿಂತವರ ಕೂಲಿ ಎಷ್ಟು, ಅವರ ಆರೋಗ್ಯ ಹೇಗಿದೆ ಎಂಬುದು 'ಗ್ಲಾಸ್'ನಲ್ಲಿ ಇಲ್ಲ. ನಮ್ಮ ಜಿಗಣಿಯ ಗ್ರಾನೈಟ್ ಘಟಕಗಳನ್ನೇ ನೆನೆಯಿರಿ. ಕಲ್ಲು ಕೊಯ್ಯುವ ಗರಗಸ, ಚಿಮ್ಮುವ ನೀರು, ಹೊಳಪು ಪಡೆಯುವ ಚಪ್ಪಡಿ, ಎಲ್ಲವೂ ಪರದೆಯ ಮೇಲೆ ಚೆಂದ ಕಾಣುತ್ತವೆ. ಆದರೆ ಕಲ್ಲಿನ ಸಣ್ಣ ಧೂಳು ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆ ಬರುತ್ತದೆ. ಕ್ಯಾಮೆರಾ ಚೆಂದವನ್ನಷ್ಟೇ ತೋರಿಸಿ ಸುಮ್ಮನಾಗಬಹುದು. ಆಗ ನೋಡಿದವರು ಬಾಯಿ ಬಿಡಬೇಕು. ಚಿತ್ರಸಮಾಜ ಬೇಕಾಗುವುದು ಇದಕ್ಕೇ.

ಹೆಗ್ಗೋಡು ಕಲಿಸಿದ್ದು

ಬೆಂಗಳೂರಿನಲ್ಲಿ 1971ರಲ್ಲಿ 'ಸುಚಿತ್ರ' ಫಿಲ್ಮ್ ಸೊಸೈಟಿ ಆರಂಭವಾಯಿತು. 1973ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಕೂಡ ಚಿತ್ರಸಮಾಜ ಕಟ್ಟಿತು. ಅಡಿಕೆ ತೋಟಗಳ ಆ ಹಳ್ಳಿಯವರು ತಮಗೆ ಬಾರದ ಭಾಷೆಗಳ ಚಿತ್ರಗಳನ್ನು ನೋಡಿದರು, ಚರ್ಚಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸತೀಶ್ ಬಹದ್ದೂರ್ ಅಲ್ಲಿಗೆ ಬಂದು ಚಲನಚಿತ್ರ ರಸಗ್ರಹಣ ಶಿಬಿರದಲ್ಲಿ ಪಾಠ ಮಾಡಿದರು.

ನಮ್ಮೂರಿನಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ ಮನೆಮಾತಿನವರು ಅಕ್ಕಪಕ್ಕದಲ್ಲಿ ಬದುಕುತ್ತಿದ್ದಾರೆ. ಮಾತಿಲ್ಲದ ಚಿತ್ರದ ಮುಂದೆ ಯಾರಿಗೂ ಭಾಷೆಯ ಹಿನ್ನಡೆ ಇಲ್ಲ. ತರಗತಿಯಲ್ಲಿ ಬಾಯಿ ತೆರೆಯದ ಗೆಳೆಯನೇ ಎಲ್ಲರಿಗಿಂತ ಹೆಚ್ಚು ಕಂಡಿರಬಹುದು. ಚರ್ಚೆಯಲ್ಲಿ ಅವನಿಗೆ ಬಂದ ಭಾಷೆಯಲ್ಲೇ ಹೇಳಲು ಬಿಡೋಣ.

ನೋಡುವಾಗ ಹೀಗೆ ಮಾಡಿ

1. ಮೊದಲ ಸಲ ಏನನ್ನೂ ಬರೆಯದೆ ಪೂರ್ತಿ ನೋಡಿ.
2. ಎರಡನೆಯ ಸಲ ಎರಡು ನಿಮಿಷ ಧ್ವನಿ ನಿಲ್ಲಿಸಿ ನೋಡಿ. ಏನು ಬದಲಾಯಿತು?
3. ನೆನಪಿನಲ್ಲಿ ಉಳಿದ ಒಂದು ದೃಶ್ಯ ಬರೆಯಿರಿ. ಅದರ ಹಿಂದೆ, ಮುಂದೆ ಯಾವ ದೃಶ್ಯಗಳಿದ್ದವು?
4. ಚಿತ್ರ ತೋರಿಸದೆ ಬಿಟ್ಟದ್ದು ಏನು? ಯಾರನ್ನು ಕೇಳಿದರೆ ಅದು ತಿಳಿದೀತು?

ಅಭ್ಯಾಸ: ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನಡೆಯುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ರೊಟ್ಟಿ ತಟ್ಟುವುದು, ವೆಲ್ಡಿಂಗ್, ಪಂಕ್ಚರ್ ಹಾಕುವುದು, ಯಾವುದಾದರೂ ಸರಿ. ಕೆಲಸ ಮಾಡುವವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹತ್ತು ಹತ್ತು ಸೆಕೆಂಡಿನ ಐದು ದೃಶ್ಯ ತೆಗೆಯಿರಿ. ಮಾತು, ಹಾಡು ಸೇರಿಸಬೇಡಿ. ಜೋಡಿಸಿದ ಮೇಲೆ ಮೊದಲು ಅವರಿಗೇ ತೋರಿಸಿ, "ಇದರಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ತರಗತಿಗೆ ತನ್ನಿ.