ಜಂತಿ ಕೊರೆಯುವ ದುಂಬಿ: ವಿಷ ಸುರಿಯುವ ಮೊದಲು ಕೆಳಗಿನ ಗೋದಲಿ ನೋಡಿ



ದೊಡವಾಡ, ಬೆಳವಡಿ, ಸಂಗೊಳ್ಳಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಜನ, ದನ ಒಂದೇ ಸೂರಿನಡಿ ಇರುವುದು ಇಂದಿಗೂ ಉಂಟು. ಬಾಗಿಲು ದಾಟಿದರೆ ಒಂದು ಬದಿಗೆ ಗೋದಲಿ, ಮೇಲಿನ ಕಟ್ಟೆಯಲ್ಲಿ ಪಡಸಾಲೆ. ಎರಡಕ್ಕೂ ಅದೇ ಕಂಬ, ಅದೇ ತೊಲೆ, ಅದೇ ಜಂತಿ. ಬಿಸಿಲು ಏರಿದಂತೆ ಈ ಜಂತಿಗಳ ಸುತ್ತ ದಪ್ಪನೆಯ ಕರಿ ದುಂಬಿ ಗುಂಯ್‌ಗುಡುತ್ತ ತಿರುಗುತ್ತದೆ. ಕೆಳಗೆ ಕಟ್ಟಿಗೆ ಪುಡಿ ಉದುರಿರುತ್ತದೆ. ಆಗ ಹಲವರು ಹತ್ತಿ ಬೆಳೆಗೆ ತಂದು ಉಳಿದ ಔಷಧವನ್ನು ತೂತಿಗೆ ಸುರಿಯುತ್ತಾರೆ. ದುಂಬಿ ಸಾಯುತ್ತದೆ, ನಿಜ. ಆದರೆ ಆ ಔಷಧ ತೊಟ್ಟಿಕ್ಕುವುದು ಎಲ್ಲಿಗೆ? ನಿಮ್ಮ ಆಕಳು ಬಾಯಿ ಹಾಕುವ ಗೋದಲಿಗೆ.

ಈ ದುಂಬಿ ಯಾವುದು?

ಇದು ಜೇನಿನ ಬಳಗದ್ದೇ ಆದ ಬಡಗಿ ದುಂಬಿ. ಇದು ಕಟ್ಟಿಗೆಯನ್ನು ತಿನ್ನುವುದಿಲ್ಲ, ಗೂಡಿಗಾಗಿ ಕೊರೆಯುತ್ತದೆ. ಬಡಿಗೇರರು ಬೈರಿಗೆ ಹಾಕಿದಂತೆ ದುಂಡನೆಯ, ಬೆರಳು ಹೋಗುವಷ್ಟು ತೂತು ಮಾಡಿ, ಒಳಗೆ ತಿರುಗಿ ಕಟ್ಟಿಗೆಯ ಎಳೆಗುಂಟ ಸಾಗುತ್ತದೆ. ಆ ದಾರಿಯಲ್ಲಿ ಪರಾಗ ಮತ್ತು ಮಕರಂದದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಕಟ್ಟಿಗೆ ಪುಡಿಯಿಂದ ಗೋಡೆ ಕಟ್ಟುತ್ತದೆ. ಹೀಗೆ ಸಾಲಾಗಿ ಕೋಣೆಗಳು. ಮುಖದ ಮುಂದೆ ಬಂದು ಹೆದರಿಸುವುದು ಗಂಡು ದುಂಬಿ. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣು ಕೈಯಲ್ಲಿ ಹಿಡಿದರೆ ಅಥವಾ ಅದುಮಿದರೆ ಮಾತ್ರ ಕುಟುಕುತ್ತದೆ.

ನಿಮ್ಮ ಹೊಲಕ್ಕೆ ಇದು ಉಪಕಾರಿ. ತೊಗರಿ, ಬದನೆ, ಸೆಣಬಿನ ಹೂಗಳಿಗೆ ಇದು ಹೋಗುತ್ತದೆ. ಬದನೆ ಹೂವನ್ನು ಹಿಡಿದು ರೆಕ್ಕೆಯ ಸ್ನಾಯು ನಡುಗಿಸಿ ಪರಾಗ ಉದುರಿಸುವ ಕೆಲಸ ಸಾಕಿದ ಜೇನಿಗೂ ಬಾರದು. ಆದ್ದರಿಂದ ದುಂಬಿಯನ್ನು ಕೊಲ್ಲುವುದು ನಮ್ಮ ಗುರಿಯಲ್ಲ. ಅದು ನಮ್ಮ ಜಂತಿ ಬಿಟ್ಟು ಬೇರೆಡೆ ಗೂಡು ಮಾಡಲಿ.

ಔಷಧ ಏಕೆ ಬೇಡ?

ಬೆಳೆಯ ಕೀಟನಾಶಕ ಮೇವಿನ ಜೊತೆ ಹೊಟ್ಟೆ ಸೇರಿದರೆ ದನ ಜೊಲ್ಲು ಸುರಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮೈ ನಡುಗುತ್ತದೆ, ಭೇದಿಯಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಪ್ರಮಾಣ ಹೆಚ್ಚಾದರೆ ಪ್ರಾಣವೇ ಹೋಗಬಹುದು. ಪ್ರಮಾಣ ಕಡಿಮೆಯಿದ್ದು ದನ ಆರೋಗ್ಯವಾಗಿ ಕಂಡರೂ ವಿಷದ ಅಂಶ ಹಾಲಿನಲ್ಲಿ ಬರಬಹುದು. ಕಾಯಿಸಿದ ಮಾತ್ರಕ್ಕೆ ಅದು ಹೋಗುತ್ತದೆಂದು ನಂಬುವಂತಿಲ್ಲ. ನಿಮ್ಮ ಮನೆಯ ಹಾಲು ಸಂಘದ ಕ್ಯಾನಿನಲ್ಲಿ ಊರ ಹಾಲಿನೊಂದಿಗೆ ಬೆರೆಯುತ್ತದೆ. ಒಂದು ಜಂತಿಗೆ ಸುರಿದ ವಿಷದ ಹೊಣೆ ಹೀಗೆ ಇಡೀ ಊರಿನ ಮೇಲೆ ಬರುತ್ತದೆ.

ಸೀಮೆಎಣ್ಣೆ, ಫಿನಾಯಿಲ್, ಡಾಂಬರು ಗುಳಿಗೆಯೂ ಬೇಡ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಇಂಜಿನ್‌ನಿಂದ ತೆಗೆದ ಹಳೆಯ ಆಯಿಲ್ಲನ್ನು ಕಂಬಕ್ಕೆ ಬಳಿಯುವ ರೂಢಿಯನ್ನು ಬಿಡಿ. ದನಗಳು ಕಂಬ ನೆಕ್ಕುತ್ತವೆ; ಆ ಆಯಿಲ್ಲಿನಲ್ಲಿ ಲೋಹದ ವಿಷ ಇರಬಹುದು.

ಹಾಗಾದರೆ ಏನು ಮಾಡಬೇಕು?

1. ಮೊದಲು ಗುರುತಿಸಿ. ದುಂಡನೆಯ ದೊಡ್ಡ ತೂತು, ಕೆಳಗೆ ಒರಟು ಪುಡಿ ಇದ್ದರೆ ದುಂಬಿ. ಮಣ್ಣಿನ ಗೆರೆ ಇದ್ದರೆ ಒರಲೆ, ಅಂದರೆ ಗೆದ್ದಲು. ಸೂಜಿ ಮೊನೆಯಂಥ ತೂತು, ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ. ಒರಲೆ, ಕುಟ್ಟೆಗಳ ಹಾನಿ ಹೆಚ್ಚು. ಅದಕ್ಕೆ ಬೇರೆ ಉಪಾಯ ಬೇಕು.

2. ತೂತು ಹೊಸದಾಗಿದ್ದು ಆಳ ಕಡಿಮೆಯಿದ್ದರೆ, ಹಗಲು ದುಂಬಿ ಹೂವಿಗೆ ಹೋದಾಗ ಮುಚ್ಚಿಬಿಡಿ.

3. ತೂತು ಹಳೆಯದಾದರೆ ಅವಸರ ಬೇಡ. ಒಳಗೆ ಮರಿಗಳಿದ್ದರೆ ಅವು ಬೆಳೆದು ಬೇರೆ ಕಡೆಯಿಂದ ಕೊರೆದು ಹೊರಬರುತ್ತವೆ. ಒಂದು ತೂತು ಎರಡಾಗುತ್ತದೆ. ಕಾಗದದ ಉಂಡೆಯನ್ನು ಬಾಯಿಗೆ ಸಡಿಲವಾಗಿ ಇಡಿ. ಒಳಗಿನ ದುಂಬಿ ಅದನ್ನು ತಳ್ಳಿ ಬರುತ್ತದೆ. ಮತ್ತೆ ಇಡಿ. ಸುಮಾರು ಎರಡು ತಿಂಗಳು ಕಾಗದ ಅಲುಗದಿದ್ದರೆ ಗೂಡು ಖಾಲಿ ಎಂದು ತಿಳಿಯಿರಿ.

4. ಖಾಲಿಯಾದ ತೂತಿಗೆ ಅಳತೆಗೆ ಸರಿಯಾದ ಕಟ್ಟಿಗೆಯ ಬೆಣೆಯನ್ನು ಫೆವಿಕಾಲ್ ಹಚ್ಚಿ ಬಡಿಯಿರಿ. ತೆರೆದು ಬಿಟ್ಟರೆ ಮುಂದಿನ ದುಂಬಿ ಅದೇ ಗೂಡಿಗೆ ಬರುತ್ತದೆ.

5. ಮೇಲೆ ಬಣ್ಣ ಹಚ್ಚಿ. ಬಣ್ಣ ಹಚ್ಚಿದ ಕಟ್ಟಿಗೆಯನ್ನು ದುಂಬಿ ಬಹುಮಟ್ಟಿಗೆ ಬಿಡುತ್ತದೆ. ಬರೀ ಎಣ್ಣೆ ಸವರಿದರೆ ಅಷ್ಟು ಪ್ರಯೋಜನವಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಸೀಸ ಇಲ್ಲವೆಂದು ಡಬ್ಬಿಯ ಮೇಲೆ ಬರೆದ ಬಣ್ಣವನ್ನೇ ಕೊಳ್ಳಿ, ದನದ ನಾಲಿಗೆ ತಾಗುವ ಎತ್ತರಕ್ಕೆ ಹಚ್ಚಬೇಡಿ. ಹಳೆಯ ಬಣ್ಣ ಕೆರೆದರೆ ಚಕ್ಕೆಗಳನ್ನು ಗುಡಿಸಿ ದೂರ ಹಾಕಿ. ಬಣ್ಣ ಒಣಗಿ ವಾಸನೆ ಹೋಗುವವರೆಗೆ ದನಗಳನ್ನು ಹೊರಗೆ ಕಟ್ಟಿ.

6. ಹೊಲದ ಬದುವಿನಲ್ಲಿ ಒಣಗಿದ ಮೆತ್ತನೆಯ ಕೊರಡು ಅಥವಾ ಬಿದಿರಿನ ತುಂಡುಗಳನ್ನು ಮಳೆ ತಾಗದಂತೆ ಇಡಿ. ದುಂಬಿಗೆ ಅಲ್ಲಿ ಮನೆ, ನಿಮ್ಮ ತೊಗರಿಗೆ ಕಾಯಿ.

ಮಳೆಗಾಲಕ್ಕೆ ಮೊದಲು

ಒಂದೆರಡು ತೂತಿನಿಂದ ಗಟ್ಟಿ ತೊಲೆ ಬೀಳುವುದಿಲ್ಲ. ಆದರೆ ವರ್ಷಗಟ್ಟಲೆ ಅದೇ ಜಂತಿಯನ್ನು ಕೊರೆದು, ಆ ತೂತಿನಿಂದ ನೀರು ಇಳಿದು ಕಟ್ಟಿಗೆ ಕೊಳೆತರೆ ಅಪಾಯವಿದೆ. ಮಾಳಿಗೆಯ ಮೇಲ್ಮಣ್ಣು ನೆನೆದಾಗ ಅದರ ಭಾರ ಹೆಚ್ಚುತ್ತದೆ. 2019ರ ಆಗಸ್ಟ್‌ನ ಮಳೆ, ಮಲಪ್ರಭೆಯ ಪ್ರವಾಹದಲ್ಲಿ ನಮ್ಮ ಜಿಲ್ಲೆಯ ಸಾವಿರಾರು ಮನೆಗಳು ಬಿದ್ದದ್ದನ್ನು ನಾವು ಕಂಡಿದ್ದೇವೆ. ಮೇ ತಿಂಗಳಲ್ಲೇ ಪ್ರತಿ ಜಂತಿಯನ್ನು ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ನಡು ಬಾಗಿದ್ದರೆ, ಬಡಿಗೇರರನ್ನು ಕರೆಸಿ ಆಸರೆ ಕಂಬ ಕೊಡಿಸಿ ಅಥವಾ ಜಂತಿ ಬದಲಿಸಿ. ಅಲ್ಲಿಯವರೆಗೆ ಅದರ ಕೆಳಗೆ ದನ ಕಟ್ಟಬೇಡಿ, ಮಕ್ಕಳನ್ನು ಮಲಗಿಸಬೇಡಿ.

ಈಗಾಗಲೇ ಔಷಧ ಸುರಿದಿದ್ದರೆ

ಗೋದಲಿಯ ಮೇವನ್ನೆಲ್ಲ ತೆಗೆದು ಹೂತು ಹಾಕಿ. ಕೈಗೆ ಚೀಲ ಕಟ್ಟಿಕೊಂಡು ಗೋದಲಿಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಆ ನೀರು ಬಾವಿ, ಹಳ್ಳ ಸೇರದಿರಲಿ. ದನಗಳನ್ನು ಬೇರೆ ಕಡೆ ಕಟ್ಟಿ. ಮೇಲೆ ಹೇಳಿದ ಯಾವುದೇ ಲಕ್ಷಣ ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ, ಅಥವಾ 1962ಕ್ಕೆ ಫೋನ್ ಮಾಡಿ. ಔಷಧದ ಬಾಟಲಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಯಾವ ವಿಷವೆಂದು ತಿಳಿದರೆ ಸರಿಯಾದ ಚುಚ್ಚುಮದ್ದು ಬೇಗ ಸಿಗುತ್ತದೆ. ವೈದ್ಯರು ಹೇಳುವವರೆಗೆ ಆ ದನದ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ. ಎರಡು ಹೊತ್ತಿನ ಹಾಲಿನ ಹಣ ಹೋಗಬಹುದು. ಊರ ಸಂಘದ ಹೆಸರು ಉಳಿಯುತ್ತದೆ.