ನಿದ್ದೆ ಕೆಟ್ಟರೆ ದಮ್ಮು ಕಡಿಮೆ, ಎದೆಬಡಿತ ಜಾಸ್ತಿ



"ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ" ಅಂತ ನಾವು ಹೇಳುತ್ತೇವೆ. ಚಿಕ್ಕನರಗುಂದ ಭಾಗದ ಹೆಣ್ಣುಮಕ್ಕಳಿಗೆ ಸಾಲದ ಕಂತಿನ ಚಿಂತೆಯೂ ಉಂಟು, ಮಲಗಲು ಹೊತ್ತೂ ಸಾಲದು. ಎಲ್ಲರ ಊಟ ಮುಗಿಸಿ, ಭಾಂಡೆ ತಿಕ್ಕಿ ಮಲಗುವಾಗ ರಾತ್ರಿ 11 ಗಂಟೆ. ನಸುಕಿನ 4.30ಕ್ಕೆ ಎದ್ದು ರೊಟ್ಟಿ ಬಡಿಯಬೇಕು. ಆಮೇಲೆ ಹತ್ತಿ ಬಿಡಿಸಲು, ಕಸ ತೆಗೆಯಲು ಹೊಲಕ್ಕೆ. ಲೆಕ್ಕ ಹಾಕಿದರೆ ನಿದ್ದೆ ಐದೂವರೆ ತಾಸು ಮಾತ್ರ. ದೊಡ್ಡವರಿಗೆ ಕನಿಷ್ಠ 7 ತಾಸು ಬೇಕು.

"ಮೊದಲಿನಂಗ ಕೆಲಸ ಆಗವಲ್ದು, ಎದಿ ಢವಢವ ಅಂತೈತಿ" ಅನ್ನುವವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ. ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಒಳಗೆ ಆಗುವುದೇನು?

ಹೃದಯಕ್ಕೆ ಪೂರ್ತಿ ರಜೆ ಇಲ್ಲ. ಗಾಢ ನಿದ್ದೆಯಲ್ಲಿ ಬಡಿತ ನಿಧಾನವಾಗಿ, ಬಿ.ಪಿ. ಇಳಿಯುತ್ತದೆ. ಅದೇ ಅದರ ವಿಶ್ರಾಂತಿ. ನಿದ್ದೆ ಸಾಲದಿದ್ದರೆ ದೇಹವನ್ನು ಎಚ್ಚರವಾಗಿಡುವ ನರಗಳು ಸಡಿಲಗೊಳ್ಳುವುದಿಲ್ಲ. ಸುಮ್ಮನೆ ಕೂತಾಗಲೂ ಬಡಿತ ಏರಬಹುದು. ನಿಮಿಷಕ್ಕೆ 72 ಇದ್ದದ್ದು 80 ಆಯಿತೆಂದರೆ ತಾಸಿಗೆ 480 ಬಡಿತ ಹೆಚ್ಚು.

ಒಂದು ರಾತ್ರಿ ನಿದ್ದೆಗೆಟ್ಟರೆ ಒಮ್ಮೆ ಚೀಲ ಎತ್ತುವ ಬಲ ಅಷ್ಟಾಗಿ ಕುಗ್ಗದು. ಕುಗ್ಗುವುದು ದಮ್ಮು, ಅಂದರೆ ಬಹಳ ಹೊತ್ತು ತಾಳುವ ಶಕ್ತಿ. ದಿನದ ಕೆಲಸವೇ ಭಾರ ಅನ್ನಿಸುತ್ತದೆ. ಇದು ಮೈಗಳ್ಳತನ ಅಲ್ಲವೇ ಅಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಬಿ.ಪಿ., ಸಕ್ಕರೆ ಕಾಯಿಲೆ, ಹೃದಯರೋಗದ ಅಪಾಯ ಹೆಚ್ಚುತ್ತದೆ.

ನಾಡಿ ಎಣಿಸೋಣ

1. ಬೆಳಿಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, ಹಾಸಿಗೆಯಲ್ಲೇ ಕುಳಿತುಕೊಳ್ಳಿ.
2. ಹೆಬ್ಬೆರಳಿನ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಡಿ.
3. ಗಡಿಯಾರ ನೋಡಿ 30 ಸೆಕೆಂಡು ಎಣಿಸಿ, ಎರಡು ಪಟ್ಟು ಮಾಡಿ.
4. ಏಳು ದಿನ ನಾಡಿ ಮತ್ತು ನಿದ್ದೆಯ ತಾಸು ಬರೆದಿಡಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ.

ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ಮತ್ತೆ ಮತ್ತೆ 100 ದಾಟಿದರೆ ನರಗುಂದದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ನಿದ್ದೆಯೊಂದೇ ಕಾರಣ ಅಂತ ಕೂರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅದರಲ್ಲೂ ಸುಸ್ತು, ಎದೆಬಡಿತ ಬರುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವಂತಿದ್ದರೂ ಹೇಳಿ. ಎದೆನೋವು, ಉಸಿರುಕಟ್ಟುವುದು, ಎಚ್ಚರ ತಪ್ಪುವುದು ಆದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ನಿದ್ದೆ ಗುಳಿಗೆ ಸ್ವಂತ ತಗೋಬೇಡಿ.

ಮನೆಯಲ್ಲಿ ಏನು ಮಾಡಬಹುದು?

ಸಂಜೆಯ ನಂತರ ಚಹಾ ಬಿಡಿ. ಮಲಗುವ ಹೊತ್ತಿಗೆ ಟಿವಿ, ಮೊಬೈಲ್ ಬಂದ್ ಮಾಡಿ. ಆದರೆ ಕೆಲಸ ಹಂಚದೆ ನಿದ್ದೆಗೆ ಹೊತ್ತು ಸಿಗದು. ಭಾಂಡೆ ತಿಕ್ಕುವುದು, ನೀರು ತುಂಬುವುದು ಗಂಡಸರಿಗೂ ಗಂಡುಮಕ್ಕಳಿಗೂ ಬರುತ್ತದೆ. ಬರೆದಿಟ್ಟ ಚೀಟಿಯನ್ನು ಅವರ ಮುಂದಿಟ್ಟೇ ಮಾತಾಡಿ.

ಸಂಘದಲ್ಲಿ ಚರ್ಚಿಸಿರಿ

* ನಮ್ಮಲ್ಲಿ 7 ತಾಸು ನಿದ್ದೆ ಮಾಡುವವರು ಎಷ್ಟು ಮಂದಿ?
* ಯಾವ ಕೆಲಸ ಬೇರೆಯವರಿಗೆ ಹಂಚಿದರೆ ಒಂದು ತಾಸು ಉಳಿಯುತ್ತದೆ?
* ಮುಂದಿನ ಸಭೆಗೆ ಏಳು ದಿನದ ಚೀಟಿ ಯಾರು ಯಾರು ತರುತ್ತೀರಿ?